ಕಲ್ಲು ಹತ್ತಾಕ ಡಿಗ್ರಿ ಯಾಕ್ರಿ ಮೇಡಂ?

ಬಂಡೆ ಹತ್ತುವುದನ್ನೇ ಓದಬೇಕು ಅಂತ ಮೂರು ವರ್ಷದಲ್ಲಿ ನನ್ನ ಬಳಿ ಸಲಹೆ ಕೇಳಲು ಬಂದ ನಾಲ್ಕನೇ ಹುಡುಗ ಇವನು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಒಂದಿಷ್ಟು ವಿವರ ಬದಲಿಸಿದ್ದೇನೆ.

ವಯಸ್ಸು ಇಪ್ಪತ್ತು, ಗಂಗಾವತಿ ಕಡೆಯವನು, ಬಿ.ಎ. ಎರಡನೇ ವರ್ಷ. ಅಪ್ಪ ಲಾವಣಿ ಹಿಡಿದು ಭತ್ತ ಬೆಳೆಯುತ್ತಾರೆ. ಚಳಿಗಾಲದಲ್ಲಿ ಸಾಣಾಪುರ, ಆನೆಗೊಂದಿ ಸುತ್ತ ಬಂಡೆ ಹತ್ತಲು ಹೊರಗಿನವರು ಬರುತ್ತಾರಲ್ವಾ, ಬಿದ್ದರೆ ಪೆಟ್ಟಾಗದಿರಲಿ ಅಂತ ಅವರು ಹಾಸುವ ಕ್ರ್ಯಾಶ್ ಪ್ಯಾಡ್ ಹೊತ್ತು ಹೊತ್ತು ಇವನೂ ಹತ್ತುವುದನ್ನು ಕಲಿತ. ಈಗ ಅದನ್ನೇ ಓದಬೇಕು ಅನ್ನುತ್ತಾನೆ. ಬ್ರಿಟನ್, ನ್ಯೂಜಿಲೆಂಡ್‌ನಲ್ಲಿ ಹೊರಾಂಗಣ ಸಾಹಸ ಶಿಕ್ಷಣಕ್ಕೆ ಡಿಗ್ರಿಯೇ ಇದೆ. ಸೀಟು ಕೊಡಿಸುತ್ತೇನೆ, ಲಕ್ಷಗಟ್ಟಲೆ ಹೊಂದಿಸಿ ಅಂತ ಒಬ್ಬ ಏಜೆಂಟ್ ಹೇಳಿದ್ದಾನೆ.

ಮೊದಲ ದಿನ ಅಪ್ಪನೂ ಬಂದಿದ್ದರು. "ಮೇಡಂ, ಕಲ್ಲು ಹತ್ತಾಕ ಡಿಗ್ರಿ ಯಾಕ್ರಿ? ನಮ್ಮೂರಾಗ ಕುರಿ ಕಾಯೋ ಹುಡುಗ್ರು ದಿನಾ ಹತ್ತತಾವು" ಅಂದರು. ನಗು ಬಂತು, ತಡೆದುಕೊಂಡೆ. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು.

ಮುಂದಿನ ವಾರ ಹುಡುಗ ಒಬ್ಬನೇ ಬಂದ. ಬೆರಳ ತುದಿಯ ಚರ್ಮ ಕಿತ್ತು ಕೆಂಪಾಗಿತ್ತು. ಎರಡು ಬೆರಳಿಗೆ ಬಿಳಿ ಟೇಪು ಸುತ್ತಿದ್ದ. ನಮ್ಮ ಕಡೆಯ ಗ್ರಾನೈಟು ಕೈಯನ್ನು ಹಾಗೆ ಮಾಡುತ್ತದೆ. ನಾನು ಸುಮ್ನೆ ಕೇಳಿದೆ: "ನೀನು ನಡೆಸೋ ಶಿಬಿರದಾಗ ಒಬ್ಬ ಅರ್ಧ ಹತ್ತಿ, ಇಳೀತೀನಿ ಅಂತಾನ. ಏನ್ ಮಾಡ್ತಿ?"

"ಹುರುಪು ತುಂಬಿ ಹತ್ತಿಸ್ತೀನ್ರಿ" ಅಂದ, ಥಟ್ಟನೆ.

ನಾನು ಏನೂ ಹೇಳಲಿಲ್ಲ. ಅವನು ಟೇಪಿನ ಅಂಚು ಕೆರೆಯುತ್ತಾ ಕೂತ. ಆಮೇಲೆ ತಾನಾಗಿ, "ಹಂಗ ಮಾಡೀನ್ರಿ ಒಂದ್ಸಲ" ಅಂದ.

ಹಾಸ್ಟೆಲ್ಲಿನ ಐದಾರು ಜೂನಿಯರ್‌ಗಳನ್ನು ಒಂದು ಭಾನುವಾರ ಬಂಡೆ ಹತ್ತಿಸಲು ಕರೆದುಕೊಂಡು ಹೋಗಿದ್ದನಂತೆ. ಎತ್ತರ ಏನೂ ಜಾಸ್ತಿ ಇರಲಿಲ್ಲ. ಆದರೂ ಒಬ್ಬ ನಡುವೆ ನಿಂತುಬಿಟ್ಟ. ಕಾಲು ಥರಥರ. ಕೆಳಗಿದ್ದವರು ಸಿಳ್ಳೆ ಹೊಡೆದರು, ಇವನು "ಹತ್ತಲೇ, ಹತ್ತು" ಅಂತ ಕೂಗಿದ. ಅವನು ಹತ್ತಿದ. ಎಲ್ಲರೂ ಚಪ್ಪಾಳೆ ಹೊಡೆದರು. ಅವತ್ತಿನಿಂದ ಆ ಹುಡುಗ ಇವನ ಜತೆ ಮಾತು ಬಿಟ್ಟಿದ್ದಾನೆ. ಮೆಸ್ಸಿನಲ್ಲಿ ಇವನನ್ನು ಕಂಡರೆ ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗುತ್ತಾನೆ.

"ಹತ್ತಿದ ಮ್ಯಾಲ ಖುಷಿ ಆಗ್ಬೇಕಿತ್ತಲ್ರಿ ಅವಂಗ?"

"ಅವನಿಗೆ ಇಳಿಯೋ ದಾರಿ ಗೊತ್ತಿತ್ತಾ?" ಅಂತ ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದ. "ಇಳಿಯೋದು ಹೆಂಗಂತ ನಾ ಹೇಳೇ ಇರ್ಲಿಲ್ರಿ."

ಅಪ್ಪನ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ಸಿಕ್ಕಿತು. ಕುರಿ ಕಾಯುವ ಹುಡುಗರಿಗೂ ಹತ್ತಲು ಬರುತ್ತದೆ, ನಿಜ. ಹೆದರಿದವನನ್ನು ನೋಡಿಕೊಳ್ಳುವುದು ಬೇರೆ ಕೆಲಸ, ಅದನ್ನು ಕಲಿಯಲೇಬೇಕು. ಎಷ್ಟು ದೂರ ಹೋಗಬೇಕು ಅನ್ನುವುದನ್ನು ಹತ್ತುವವನೇ ತೀರ್ಮಾನಿಸಲಿ ಅನ್ನುವುದು ಈ ಓದಿನ ಮೊದಮೊದಲ ಪಾಠ. 1941ರಲ್ಲಿ ವೇಲ್ಸ್‌ನ ಕಡಲತೀರದ ಊರು ಅಬರ್ಡೋವಿಯಲ್ಲಿ, ಸಾಹಸದ ಮೂಲಕ ಕಲಿಸುವ ಔಟ್‌ವರ್ಡ್ ಬೌಂಡ್ ಶಾಲೆ ಶುರುವಾದಾಗಲೂ ಬರೀ ದೋಣಿ ನಡೆಸುವುದನ್ನು ಕಲಿಸುವ ಉದ್ದೇಶ ಇರಲಿಲ್ಲ. ಕಷ್ಟ ಬಂದಾಗ ಹುಡುಗರು ಎದೆಗುಂದಬಾರದು ಅನ್ನುವುದು ಮುಖ್ಯವಾಗಿತ್ತು.

ಸಲಹೆ ನೇರವಾಗಿ ಕೊಟ್ಟೆ. ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡ. ಬಿ.ಎ. ಮುಗಿಸು. ಆಮೇಲೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ 28 ದಿನದ ಬೇಸಿಕ್ ಕೋರ್ಸ್ ಮಾಡು. ಅದರಲ್ಲಿ 'ಎ' ಗ್ರೇಡ್ ಬಂದರೆ ಅಡ್ವಾನ್ಸ್ಡ್, ನಂತರ ಕಲಿಸುವವರಿಗೇ ಇರುವ ಕೋರ್ಸ್. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಲ್ಲೂ ವಿಚಾರಿಸು. ಹೊರದೇಶದ ಡಿಗ್ರಿ ಬೇಕೇ ಅಂತ ಅಷ್ಟು ಮಾಡಿದ ಮೇಲೆ ನೋಡೋಣ. ಅದಕ್ಕೂ ಮೊದಲು ಈ ಬೇಸಿಗೆಯಲ್ಲಿ ಮಕ್ಕಳ ಶಿಬಿರವೊಂದಕ್ಕೆ ಸಹಾಯಕನಾಗಿ ಹೋಗು. ಹಗ್ಗ ಮುಟ್ಟಬೇಡ. ಊಟ ಬಡಿಸು, ರಾತ್ರಿ ಮನೆ ನೆನಪಾಗಿ ಅಳುವವರ ಪಕ್ಕ ಕೂರು. ಮತ್ತೆ ಆ ಜೂನಿಯರ್‌ನನ್ನು ಭೇಟಿಯಾಗು. ಕ್ಷಮೆ ಕೇಳಿ ಕೈ ತೊಳೆದುಕೊಂಡು ಬರಬೇಡ, ಅವತ್ತು ಅವನಿಗೆ ಏನನ್ನಿಸಿತು ಅಂತ ಕೇಳು.

ಬಡ ಹುಡುಗನ ಆಸೆಗೆ ತಣ್ಣೀರು ಎರಚಿದಿರಿ ಅಂತ ಸಹೋದ್ಯೋಗಿಯೊಬ್ಬರು ಬೇಜಾರು ಮಾಡಿಕೊಂಡರು. ಇರಬಹುದು. ಆದರೆ ಸಾಲ ತೀರಿಸುವವರು ನಾವಿಬ್ಬರೂ ಅಲ್ಲವಲ್ಲ. ಇಲ್ಲಿ ಬಂಡೆ ಹತ್ತುವ ಸೀಸನ್ ಹೆಚ್ಚೆಂದರೆ ನವೆಂಬರ್‌ನಿಂದ ಫೆಬ್ರವರಿ. ಆಮೇಲೆ ಆ ಕಲ್ಲನ್ನು ಮುಟ್ಟಿ ನೋಡಿ, ಗೊತ್ತಾಗುತ್ತದೆ. ಉಳಿದ ತಿಂಗಳ ಪಗಾರದ ಬಗ್ಗೆ ಅಪ್ಪ ಕೇಳಿದಾಗ ನಾನು ಮುಚ್ಚಿಡಲಿಲ್ಲ. "ಹಂಗಾದ್ರ ಬಿ.ಎ. ಮುಗಿಸ್ಲಿ ಬಿಡ್ರಿ" ಅಂದರು. ಬಂಡೆ ಹತ್ತುವುದು ಬೇಡ ಅಂತ ಮಾತ್ರ ಅನ್ನಲಿಲ್ಲ.

ಮೊನ್ನೆ ಫೋನ್ ಮಾಡಿದ್ದ. ಶಿಬಿರಕ್ಕೆ ಹೆಸರು ಕೊಟ್ಟಿದ್ದಾನಂತೆ. ಜೂನಿಯರ್ ಜತೆ ಇನ್ನೂ ಮಾತಾಡಿಲ್ಲ. ಅವನ ರೂಮಿನ ಬಾಗಿಲ ತನಕ ಎರಡು ಸಲ ಹೋಗಿ ವಾಪಸ್ ಬಂದಿದ್ದಾನೆ.