ಯಕ್ಷಗಾನಕ್ಕೆ ಮಿಕ್ಸರ್‌ನ ಯಾವ ನಾಬ್ ಎಷ್ಟಕ್ಕೆ ಇಡಬೇಕು? ಮೈಕ್ ಕೂಗದ ಹಾಗೆ ತಡೆಯುವ ಯಂತ್ರ ಕೊಳ್ಳಬೇಕೆ?

ಸಾಗರದ ಕಡೆಯವರು, ಸಂಘಕ್ಕೆ ಮೈಕುಗಳ ಸದ್ದು ಬೆರೆಸುವ 12 ಚಾನೆಲ್ ಮಿಕ್ಸರ್ ತಂದಿದ್ದೀರಿ, ಆಟದ ರಾತ್ರಿ ಮೈಕ್ ಕೂಗುತ್ತದೆ. ಪ್ರತಿ ನಾಬ್‌ಗೂ ಒಂದು ಸೆಟ್ಟಿಂಗ್ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಒಬ್ಬರು ಹಿರಿಯ ಮೈಕಿನವರು ಹೇಳಿದ ಅಳತೆಗಳನ್ನೆಲ್ಲ ಚೀಟಿಯಲ್ಲಿ ಬರೆದು ಮಿಕ್ಸರ್ ಮೇಲೆ ಅಂಟಿಸಿಕೊಂಡಿದ್ದೆ. ಆ ಚೀಟಿ ನಂಬಿಯೇ ನಾನು ಕೆಟ್ಟಿದ್ದು.

ತೀರ್ಥಹಳ್ಳಿ ಕಡೆ ಒಂದು ಊರು. ದೇವಸ್ಥಾನದ ಎದುರು ಹಲಗೆ ಹಾಸಿದ ರಂಗಸ್ಥಳ. ಸಂಜೆ ನನ್ನ ಹುಡುಗ ಮೈಕ್ ಹಿಡಿದು ಹಲೋ ಹಲೋ ಅಂದ, ಚೀಟಿಯಲ್ಲಿದ್ದ ಹಾಗೆ ಗೇನ್ (ಮೈಕಿನ ಸದ್ದು ಮಿಕ್ಸರ್ ಒಳಗೆ ಬರುವಲ್ಲಿನ ನಾಬ್) ಇಟ್ಟೆ, ಸರಿ ಕೇಳಿತು. ಮೊದಲು ಕೂತ ಭಾಗವತರು ಮೈಕಿಗೆ ಬಾಯಿ ತಾಗುವಷ್ಟು ಹತ್ತಿರ ಇಟ್ಟು ಹಾಡುವವರು, ಏನೂ ತೊಂದರೆ ಆಗಲಿಲ್ಲ. ಮಧ್ಯರಾತ್ರಿ ಆದ ಮೇಲೆ ಹಿರಿಯ ಭಾಗವತರು ಬಂದರು. ಸಣ್ಣ ಶಾರೀರ, ಮೈಕಿನಿಂದ ಒಂದು ಗೇಣು ದೂರ. ಹಿಂದಿನ ಸಾಲಿನಿಂದ ‘ಪದ್ಯ ಕೇಳ್ತಾ ಇಲ್ಲ’ ಅಂತ ಕೂಗಿದರು. ಜನರ ಕಡೆಗೆ ಹೋಗುವ ಸದ್ದಿನ ಜಾರುಗುಂಡಿ, ಅಂದರೆ ಫೇಡರ್ ಏರಿಸುತ್ತಾ ಹೋದೆ, ಅದು ತುದಿ ಮುಟ್ಟಿತು. ಆಗ ಗೇನ್ ತಿರುಗಿಸಿದೆ.

ಇದೇ ಆ ತಪ್ಪು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೇನ್ ಕೂಡ ವಾಲ್ಯೂಮ್‌ನ ಇನ್ನೊಂದು ನಾಬ್ ಅಂತ ನಾನು ತಿಳಿದುಕೊಂಡಿದ್ದೆ. ಅಲ್ಲ. ನಮ್ಮ ಮನೆಗಳಿಗೆ ಗುಡ್ಡದ ಮೇಲಿನ ಅಬ್ಬಿ ನೀರನ್ನು ಪೈಪ್ ಹಾಕಿ ತರುತ್ತೇವಲ್ಲ, ದಾರಿಯಲ್ಲಿ ಒಂದು ಕವಲು ಕೊಟ್ಟಿಗೆಗೆ ಹೋಗುತ್ತದೆ, ಉಳಿದದ್ದು ಅಡುಗೆಮನೆ ನಲ್ಲಿಗೆ ಬರುತ್ತದೆ. ಗೇನ್ ಅನ್ನೋದು ಗುಡ್ಡದ ಮೇಲಿನ ವಾಲ್ವ್. ಫೇಡರ್ ಅಡುಗೆಮನೆ ನಲ್ಲಿ. ಭಾಗವತರಿಗೆ ತಮ್ಮ ಹಾಡು ತಮಗೇ ಕೇಳಲೆಂದು ಎದುರಿಗಿಡುವ ಮಾನಿಟರ್ ಬಾಕ್ಸ್‌ಗೆ ಹೋಗುವ ಆಕ್ಸ್ ನಾಬ್ ಇದೆಯಲ್ಲ, ಅದು ಕೊಟ್ಟಿಗೆಯ ಕವಲು. ಆಕ್ಸ್ ‘ಪ್ರೀ’ ಆಗಿದ್ದರೆ ಸದ್ದು ಫೇಡರ್‌ಗೆ ಬರುವ ಮೊದಲೇ ಆ ಕಡೆಗೆ ಒಡೆದು ಹೋಗಿರುತ್ತದೆ. ನಾನು ಮೇಲಿನ ವಾಲ್ವ್ ತೆರೆದೆ. ಜನರಿಗೂ ಸದ್ದು ಜಾಸ್ತಿ ಆಯಿತು, ಅಷ್ಟೇ ಜಾಸ್ತಿ ಮಾನಿಟರ್‌ಗೂ ಹೋಯಿತು. ಗೇನ್ ನಾಬ್ ಸ್ವಲ್ಪ ತಿರುಗಿದರೂ 10 ಡೆಸಿಬೆಲ್ ಏರಿಬಿಡುತ್ತದೆ, ಕಿವಿಗೆ ಅದು ಹೆಚ್ಚುಕಡಿಮೆ ಎರಡರಷ್ಟು ಸದ್ದು. ಮಾನಿಟರ್ ಸದ್ದು ಮೈಕಿಗೆ, ಮೈಕಿನದು ಮತ್ತೆ ಮಾನಿಟರ್‌ಗೆ, ಕುಂಯ್ ಅಂತ ಶುರುವಾಯಿತು. ಗಾಬರಿಯಲ್ಲಿ ಫೇಡರ್ ಪೂರ್ತಿ ಕೆಳಗೆ ಎಳೆದೆ. ಜನರ ಕಡೆಯ ಬಾಕ್ಸ್ ಸುಮ್ಮನಾದವು, ಕೂಗು ಮಾತ್ರ ನಿಲ್ಲಲಿಲ್ಲ, ಯಾಕೆಂದರೆ ನಲ್ಲಿ ಮುಚ್ಚಿದರೆ ಕೊಟ್ಟಿಗೆ ನೀರು ನಿಲ್ಲುವುದಿಲ್ಲ ಅಲ್ವಾ. ಅದು ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಭಾಗವತರು ಕಿವಿ ಮುಚ್ಚಿಕೊಂಡು ಪದ್ಯ ನಿಲ್ಲಿಸಿದರು. ವೇಷ ಕುಣಿತದ ಮಧ್ಯೆ ಹಾಗೇ ನಿಂತಿತು. ಕೊನೆಗೆ ಓಡಿ ಹೋಗಿ ಮಾನಿಟರ್‌ನ ಕೇಬಲ್ ಕಿತ್ತೆ. ಆಮೇಲೆ ಅವರು ಮೈಕ್ ಪಕ್ಕಕ್ಕೆ ಸರಿಸಿ ಬೆಳಗಿನವರೆಗೆ ಬರಿಗಂಟಲಲ್ಲೇ ಹಾಡಿದರು. ಅಷ್ಟು ವಯಸ್ಸಿನವರು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ. ಊರಿನವರು ಅರ್ಧ ದುಡ್ಡು ಕೊಟ್ಟರು, ಮರುವರ್ಷ ಕರೆಯಲಿಲ್ಲ.

ಹಾಗಾಗಿ ನಿಮಗೆ ನಾನು ಅಳತೆ ಕೊಡುವುದಿಲ್ಲ. ಗೇನ್ ಎಷ್ಟಿರಬೇಕು ಅನ್ನೋದನ್ನು ಹಾಡುವವರ ಗಂಟಲು, ಮೈಕು, ಅದರ ದೂರ ಹೇಳಬೇಕು, ಚೀಟಿ ಅಲ್ಲ. ಫೇಡರ್ ಮತ್ತು ಆಕ್ಸ್ ಕೆಳಗಿಡಿ, ಈಕ್ಯೂ ನಾಬ್‌ಗಳೆಲ್ಲ (ದಪ್ಪ, ಚೂಪು ದನಿ ಏರಿಸಿ ಇಳಿಸುವವು) ನಡುವೆ ಇರಲಿ. ಆ ಚಾನೆಲ್‌ನ ಪಿಎಫ್‌ಎಲ್ ಒತ್ತಿ, ಫೇಡರ್‌ಗೆ ಮುಂಚಿನ ಸದ್ದನ್ನು ಮೀಟರ್‌ನಲ್ಲಿ ತೋರಿಸುವ ಗುಂಡಿ ಅದು. ಭಾಗವತರ ಹತ್ತಿರ ಕೈಮುಗಿದು ಕೇಳಿ, ಒಂದು ಏರುಪದ್ಯ ಹಾಡಿಸಿ, ಮದ್ದಳೆ ಚಂಡೆಯೂ ಜೊತೆಗೆ ಬಾರಿಸಲಿ. ಹಲೋ ಹಲೋ ಬೇಡವೇ ಬೇಡ. ಮೀಟರ್ 0 ಹತ್ತಿರ ಆಡುವವರೆಗೆ ಗೇನ್ ಏರಿಸಿ, ಸದ್ದು ಮಿತಿ ಮೀರಿತು ಅನ್ನುವ ಕೆಂಪು ಕ್ಲಿಪ್ ಲೈಟ್ ಒಮ್ಮೆಯೂ ಹೊತ್ತಬಾರದು. ಆಮೇಲೆ ಫೇಡರ್ 0 ಗುರುತಿಗೆ. ಅಲ್ಲಿ ಬೆರಳು ಸ್ವಲ್ಪ ಆಡಿದರೆ ಸದ್ದೂ ಸ್ವಲ್ಪವೇ ಬದಲಾಗುತ್ತದೆ, ಕೆಳತುದಿಯಲ್ಲಿ ಕೂದಲೆಳೆ ಸರಿಸಿದರೂ ದೊಡ್ಡ ನೆಗೆತ. ಕೊನೆಗೆ ಆಕ್ಸ್ ನಿಧಾನವಾಗಿ ತೆರೆಯಿರಿ, ಭಾಗವತರು ಸಾಕು ಅನ್ನುವವರೆಗೆ. ಭಾಗವತರು ಬದಲಾದರೆ ಮೊದಲು ಆ ಚಾನೆಲ್‌ನ ಆಕ್ಸ್ ಇಳಿಸಿ, ಆಮೇಲೆ ಗೇನ್ ಮುಟ್ಟಿ. ಈ ಕ್ರಮ ತಪ್ಪಿಸಬೇಡಿ.

ಹಾಡಿನ ಮೈಕಿಗೆ 80 ಅಥವಾ 100 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ದಪ್ಪ ಸದ್ದನ್ನು ತಡೆಯುವ ಸ್ವಿಚ್) ಹಾಕಿಬಿಡಿ, ಹಲಗೆ ಮೇಲೆ ಕುಣಿದಾಗಿನ ದಡದಡ ಅರ್ಧ ಅಲ್ಲೇ ಹೋಗುತ್ತದೆ. ಈಕ್ಯೂ ಏರಿಸಿ ದನಿ ಚೂಪು ಮಾಡಲು ಹೋಗಬೇಡಿ, ಇಳಿಸಲಿಕ್ಕೆ ಬಳಸಿ. ಮೇಲಿನಿಂದ ಇಳಿಬಿಟ್ಟ ಕಂಡೆನ್ಸರ್ ಮೈಕಿಗೆ (ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವಂಥದ್ದು) ಮಿಕ್ಸರ್‌ನಿಂದ 48 ವೋಲ್ಟ್ ಬೇಕು, ಆ ಸ್ವಿಚ್ ಒತ್ತುವ ಮುಂಚೆ ಫೇಡರ್, ಆಕ್ಸ್ ಎರಡೂ ಕೆಳಗಿರಲಿ, ಇಲ್ಲದಿದ್ದರೆ ಬಾಕ್ಸ್ ಢಬ್ ಅನ್ನುತ್ತದೆ.

ಮೈಕ್ ಕೂಗದ ಹಾಗೆ ತಡೆಯುವ ಆ ಯಂತ್ರ ಕೊಳ್ಳಬೇಡಿ, ನನ್ನ ಮಾತು ಕೇಳಿ. ಅದು ಕೂಗಿದ ಸ್ವರವನ್ನು ಕತ್ತರಿಸುತ್ತದೆ, ಕೂಗುವ ಕಾರಣ ಹಾಗೇ ಉಳಿಯುತ್ತದೆ, ಜೊತೆಗೆ ಪದ್ಯದ ಎಳೆದ ಸ್ವರವನ್ನೇ ಕೂಗು ಅಂತ ತಿಳಿದು ಕತ್ತರಿಸುವುದೂ ಉಂಟು. ರಂಗಸ್ಥಳಕ್ಕೆ ಎಂಟು ಮೈಕ್ ಇಳಿಬಿಟ್ಟಿದ್ದರೆ ನಾಲ್ಕು ತೆಗೆಯಿರಿ. ತೆರೆದ ಮೈಕ್ ಎರಡರಷ್ಟಾದ ಪ್ರತಿ ಸಲವೂ ಕೂಗುವ ಮುಂಚೆ ಸದ್ದು ಏರಿಸಲು ನಿಮಗಿರುವ ಅವಕಾಶ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಭಾಗವತರದು ಕಾರ್ಡಿಯಾಯ್ಡ್ ಮೈಕ್ (ಎದುರಿನದನ್ನು ಚೆನ್ನಾಗಿ, ಬೆನ್ನಿನ ಕಡೆಯದನ್ನು ತೀರಾ ಕಡಿಮೆ ಹಿಡಿಯುವಂಥದ್ದು) ಆಗಿದ್ದರೆ ಮಾನಿಟರ್ ಅದರ ಬೆನ್ನಿಗೆ ನೇರವಾಗಿರಲಿ, ಪಕ್ಕಕ್ಕಲ್ಲ. ನಿಮ್ಮ ಮಿಕ್ಸರ್‌ನ ಆಕ್ಸ್ ಹತ್ತಿರ ಪ್ರೀ, ಪೋಸ್ಟ್ (ಫೇಡರ್ ದಾಟಿದ ಮೇಲೆ ಒಡೆಯುವುದು) ಅಂತ ಸ್ವಿಚ್ ಇದೆಯಾ ನೋಡಿ, ಮಾನಿಟರ್ ಎಲ್ಲಿ ಇಡುತ್ತೀರಿ ಅಂತಲೂ ತಿಳಿಸಿ. ಮುಂದಿನ ಆಟಕ್ಕೆ ಮುಂಚೆ ಉತ್ತರ ಬರೆಯುತ್ತೇನೆ.