ಆಂಟಿಬಯೋಟಿಕ್ ಕೊಟ್ಟರೂ ನಾಯಿಗೆ ಜ್ವರ ಇಳಿಯುತ್ತಿಲ್ಲ. ಮೈಯೊಳಗೆ ಫಂಗಸ್ ಇರಬಹುದಾ?

ಇರಬಹುದು. ನೀವು ಬರೆದಿರುವುದು ನಾಲ್ಕು ವರ್ಷದ ಹೆಣ್ಣು ಜರ್ಮನ್ ಶೆಫರ್ಡ್ ಬಗ್ಗೆ. ಬಿಡದ ಜ್ವರ, ಬೆನ್ನು ಮುಟ್ಟಿದರೆ ನೋವು, ಒಂದು ಕಣ್ಣು ಕೆಂಪು, ಎಕ್ಸ್‌ರೇ ಮಾತ್ರ ಸರಿಯಾಗಿದೆ. ನಾನು ಪಶುವೈದ್ಯೆ. ಇಷ್ಟೂ ಒಟ್ಟಿಗೆ ಕಂಡರೆ ನನಗೆ ಆಸ್ಪರ್ಜಿಲಸ್ ಮೇಲೆ ಅನುಮಾನ ಬರುತ್ತದೆ. ಈ ಫಂಗಸ್ ಮೈಯೆಲ್ಲ ಹರಡುವುದು ಅಪರೂಪ. ಆದರೆ ಹರಡಿದ ನಾಯಿಗಳಲ್ಲಿ ಈ ತಳಿಯ ಹೆಣ್ಣುಗಳೇ ಜಾಸ್ತಿ. ಬೆನ್ನುಮೂಳೆಯ ಡಿಸ್ಕ್, ಕಿಡ್ನಿ, ಕಣ್ಣು ಇದು ಹೋಗಿ ಸೇರುವ ಜಾಗಗಳು. ಡಿಸ್ಕ್ ಸೋಂಕು ಎಕ್ಸ್‌ರೇಯಲ್ಲಿ ಕಾಣಲು ಕೆಲವು ವಾರ ಬೇಕಾಗುತ್ತದೆ, ಹಾಗಾಗಿ ಆ ಎಕ್ಸ್‌ರೇ ನಂಬಿ ಕೂರಬೇಡಿ. ಎಂಆರ್‌ಐನಲ್ಲಿ ಬೇಗ ಗೊತ್ತಾಗುತ್ತದೆ.

ನಾನಾದರೆ ಮೊದಲು ಮೂತ್ರ ನೋಡುತ್ತೇನೆ. ಸುಮ್ನೆ ಪಟ್ಟಿ ಅದ್ದಿ ನೋಡುವುದಲ್ಲ. ಸೂಜಿಯಿಂದ ನೇರವಾಗಿ ಮೂತ್ರಕೋಶದಿಂದಲೇ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಮೈಕ್ರೋಸ್ಕೋಪಿನಲ್ಲಿ ಹುಡುಕಬೇಕು. ಫಂಗಸ್‌ನ ಕವಲೊಡೆದ ಎಳೆಗಳು ಕಂಡರೆ ದಾರಿ ಸಿಕ್ಕಿತು. ಒಮ್ಮೆ ಕಾಣದಿದ್ದರೆ ಇನ್ನೊಮ್ಮೆ ನೋಡಿಸಿ, ಎಳೆಗಳು ಪ್ರತಿ ಸಲವೂ ಮೂತ್ರದಲ್ಲಿ ಬರುವುದಿಲ್ಲ. ಅದೇ ಮೂತ್ರ ಕಲ್ಚರ್‌ಗೂ, ಅಂದರೆ ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಿ ನೋಡುವುದಕ್ಕೂ ಹೋಗಲಿ. ಚೀಟಿಯಲ್ಲಿ ‘ಫಂಗಸ್ ಅನುಮಾನ’ ಎಂದು ಬರೆಸುವುದು ಮುಖ್ಯ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಕಲ್ಚರ್ ಎಂದುಕೊಂಡು ಪ್ಲೇಟನ್ನು ಬೇಗ ಬಿಸಾಡಿಬಿಡಬಹುದು. ಜೊತೆಗೆ ಕೆಲವು ಫಂಗಸ್‌ಗಳು ಪ್ಲೇಟಿನಲ್ಲಿ ಬೆಳೆದಾಗ ಲ್ಯಾಬಿನವರಿಗೇ ಅಪಾಯ. ಅವರಿಗೆ ಮೊದಲೇ ತಿಳಿದಿರಬೇಕು ಅಲ್ವಾ?

ರಕ್ತದಲ್ಲಿ, ಮೂತ್ರದಲ್ಲಿ ಆಸ್ಪರ್ಜಿಲಸ್‌ನ ಅಂಶ ಹುಡುಕುವ ಗ್ಯಾಲಕ್ಟೊಮ್ಯಾನನ್ ಎಂಬ ಪರೀಕ್ಷೆಯೂ ಇದೆ. ಒಳ್ಳೆಯದೇ. ಆದರೆ ಬೇರೆ ಕೆಲವು ಫಂಗಸ್ ಇದ್ದರೂ ಪಾಸಿಟಿವ್ ಬರುತ್ತದೆ, ಅದೊಂದನ್ನೇ ನೋಡಿ ತೀರ್ಮಾನ ಬೇಡ. ಮೂತ್ರದಲ್ಲಿ ಏನೂ ಸಿಗದಿದ್ದರೆ ಊದಿದ ಗ್ರಂಥಿಗೋ ಡಿಸ್ಕ್‌ಗೋ ಸೂಜಿ ಹಾಕಿ ಸ್ಯಾಂಪಲ್ ತೆಗೆಯಬೇಕಾಗುತ್ತದೆ. ಕಣ್ಣಿನ ಒಳಪರದೆಯನ್ನೂ ನೋಡಿಸಿ, ಅಲ್ಲಿ ಸಿಗುವ ಸುಳಿವು ಬಹಳ ಸಲ ತಪ್ಪಿಹೋಗುತ್ತದೆ.

ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಬಿಡಲೇಬೇಡಿ. ಅದೂ ಬೆನ್ನು, ಕಣ್ಣು ಎರಡನ್ನೂ ಹಿಡಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ರಿಪೋರ್ಟ್ ಬರುವವರೆಗೆ ಮೂತ್ರ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಕಾರಣ ಗೊತ್ತಾಗುವ ಮೊದಲು ಸ್ಟಿರಾಯ್ಡ್ ಶುರುಮಾಡಲು ಒಪ್ಪಬೇಡಿ. ನಾಲ್ಕು ದಿನ ನಾಯಿ ಚುರುಕಾಗಬಹುದು, ಒಳಗೆ ಫಂಗಸ್ ಇನ್ನಷ್ಟು ಹರಡುತ್ತದೆ. ನೋವಿಗೆ ಬೇರೆ ಔಷಧಗಳಿವೆ, ಕಿಡ್ನಿ ರಿಪೋರ್ಟ್ ನೋಡಿ ನಿಮ್ಮ ಡಾಕ್ಟರ್ ಕೊಡುತ್ತಾರೆ.