ಎರಡೂವರೆ ಸಾವಿರ ವರ್ಷ ಹಳೆಯ ಗ್ರೀಕ್ ದುರಂತ ನಾಟಕಗಳಿಗೂ ಇವತ್ತಿನ ರಾಜಕೀಯ ಚಿಂತನೆಗೂ ನಿಜಕ್ಕೂ ಸಂಬಂಧ ಇದೆಯಾ?

ಇದೆ. ಆದರೆ ಎಲ್ಲ ನಾಟಕಗಳನ್ನೂ ಸೇರಿಸಿ ಹೇಳುವಷ್ಟು ನಾನು ಓದಿಲ್ಲ. ಒಂದೇ ಒಂದು ನಾಟಕ ಹಿಡಿದು ಹೇಳುತ್ತೇನೆ. ಸೋಫೋಕ್ಲಿಸ್‌ನ ‘ಅಂತಿಗೊನೆ’. ಕ್ರಿ.ಪೂ. 441ರ ಸುಮಾರಿಗೆ ಅಥೆನ್ಸಿನಲ್ಲಿ ಆಡಿದ್ದು. ಕಾಲೇಜಿನಲ್ಲಿದ್ದಾಗ ಅದರಲ್ಲಿ ನಾನು ಕಾವಲುಗಾರನ ಪಾತ್ರ ಮಾಡಿದ್ದೆ. ಸಣ್ಣ ಪಾತ್ರ. ಕೆಟ್ಟ ಸುದ್ದಿ ತಂದು ದೊರೆಯ ಮುಂದೆ ನಡುಗುತ್ತಾ ನಿಲ್ಲುವುದೇ ಕೆಲಸ.

ಕತೆ ಇಷ್ಟು. ಥೀಬ್ಸ್ ಎಂಬ ಪಟ್ಟಣ. ಅಂತಿಗೊನೆಯ ಒಡಹುಟ್ಟಿದವರಿಬ್ಬರು ಸಿಂಹಾಸನಕ್ಕೆ ಹೊಡೆದಾಡಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಊರು ಕಾಯುತ್ತಿದ್ದವನಿಗೆ ಸಕಲ ಮರ್ಯಾದೆಯ ಮಣ್ಣು. ಹೊರಗಿನ ಸೈನ್ಯ ಕಟ್ಟಿಕೊಂಡು ಊರ ಮೇಲೆ ಬಂದವನ ಹೆಣ ನಾಯಿ, ಹದ್ದುಗಳ ಪಾಲು. ಅವನನ್ನು ಮಣ್ಣು ಮಾಡಿದವರಿಗೆ ಸಾವು. ಹೀಗೆಂದು ಆಜ್ಞೆ ಹೊರಡಿಸಿದವನು ಹೊಸ ದೊರೆ ಕ್ರೆಯಾನ್. ಅವನು ಬೇರೆ ಯಾರೂ ಅಲ್ಲ, ಇವರ ಸೋದರಮಾವ. ಅಂತಿಗೊನೆಗೆ ಮದುವೆ ನಿಶ್ಚಯವಾಗಿರುವುದೂ ಅವನ ಮಗ ಹೇಮನ್ ಜೊತೆಗೇ. (ನಮ್ಮ ಕಡೆಯವರಿಗೆ ಈ ನಂಟು ಬಿಡಿಸಿ ಹೇಳಬೇಕಿಲ್ಲ.) ಅವಳು ಆಜ್ಞೆ ಮೀರಿ ಮಣ್ಣು ಹಾಕುತ್ತಾಳೆ, ಸಿಕ್ಕಿಬೀಳುತ್ತಾಳೆ. ಜೀವಂತವಾಗಿ ಗುಹೆಯೊಳಗೆ ಹಾಕಿ ಮುಚ್ಚಿಸುತ್ತಾರೆ. ಅಲ್ಲೇ ನೇಣು ಹಾಕಿಕೊಳ್ಳುತ್ತಾಳೆ. ಹೇಮನ್ ಕತ್ತಿಯಿಂದ ಇರಿದುಕೊಂಡು ಸಾಯುತ್ತಾನೆ. ಆ ಸುದ್ದಿ ಕೇಳಿ ಅವನ ತಾಯಿಯೂ ಪ್ರಾಣ ಬಿಡುತ್ತಾಳೆ.

ನಮ್ಮ ಪ್ರದರ್ಶನದ ದಿನ ಒಂದು ವಿಚಿತ್ರ ನಡೆಯಿತು. ಕ್ರೆಯಾನ್ ಬಂದು ಮೊದಲ ಭಾಷಣ ಶುರು ಮಾಡಿದ. ತನ್ನ ನಾಡಿಗಿಂತ ಗೆಳೆಯನೇ ಹೆಚ್ಚು ಅನ್ನುವವನು ನನ್ನ ಲೆಕ್ಕಕ್ಕೇ ಇಲ್ಲ. ನಾಡಿನ ವೈರಿ ನನಗೆ ಗೆಳೆಯನಾಗಲಾರ. ನಾಡೆಂಬ ಈ ಹಡಗು ನೆಟ್ಟಗೆ ತೇಲುತ್ತಿದ್ದರೆ ತಾನೇ ನಮಗೆಲ್ಲ ಗೆಳೆಯರು, ಬಳಗ? ಇಂಥ ಮಾತುಗಳು. ಸಭೆಯಲ್ಲಿ ಜೋರು ಚಪ್ಪಾಳೆ. ಪರದೆ ಪಕ್ಕ ನಿಂತಿದ್ದ ನನಗೆ ದಿಗಿಲು. ವಿಲನ್‌ಗೆ ಚಪ್ಪಾಳೆ ಬಿತ್ತಲ್ಲಪ್ಪಾ, ನಾಟಕ ಕೆಟ್ಟಿತು ಅಂದುಕೊಂಡೆ.

ಕೆಟ್ಟಿರಲಿಲ್ಲ. ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು, ಅಥೆನ್ಸಿನವರಿಗೂ ಆ ಭಾಷಣ ಮೆಚ್ಚುಗೆಯೇ. ಕ್ರಿ.ಪೂ. 343ರಲ್ಲಿ ಅಲ್ಲಿನ ಹೆಸರಾಂತ ಭಾಷಣಕಾರ ಡೆಮಾಸ್ತನೀಸ್ ತನ್ನ ಎದುರಾಳಿ ಎಸ್ಕಿನೀಸ್‌ನನ್ನು ಕೋರ್ಟಿಗೆ ಎಳೆದ. ರಾಯಭಾರಿಯಾಗಿ ಹೋಗಿ ಮ್ಯಾಸಿಡೋನಿಯಾದ ದೊರೆ ಫಿಲಿಪ್‌ಗೆ ನಾಡನ್ನು ಮಾರಿಕೊಂಡ ಅನ್ನುವುದು ಆರೋಪ. ಎಸ್ಕಿನೀಸ್ ಮೊದಲು ನಾಟಕದಲ್ಲಿದ್ದವನು. ಕ್ರೆಯಾನ್ ಪಾತ್ರವನ್ನು ಎಷ್ಟೋ ಸಲ ಮಾಡಿದ್ದವನು. ಡೆಮಾಸ್ತನೀಸ್ ಇದೇ ಭಾಷಣವನ್ನು ಕೋರ್ಟಿನ ಗುಮಾಸ್ತನಿಂದ ಓದಿಸಿದ. ರಂಗದ ಮೇಲೆ ನೀನೇ ಆಡಿದ ಮಾತಲ್ವಾ ಇದು, ಫಿಲಿಪ್ ಹತ್ತಿರ ಹೋದಾಗ ಯಾಕೆ ನೆನಪಾಗಲಿಲ್ಲ ಎಂದು ಕುಟುಕಿದ. ಅಂದರೆ ನಾಟಕ ಬಂದು ಸುಮಾರು ನೂರು ವರ್ಷವಾದ ಮೇಲೂ ಕ್ರೆಯಾನ್‌ನ ಮಾತು ಒಳ್ಳೆಯ ನಾಗರಿಕನ ಮಾತು ಎಂದೇ ಓಡುತ್ತಿತ್ತು.

ನನ್ನ ಪ್ರಕಾರ ಈ ನಾಟಕದ ರಾಜಕೀಯ ಶಕ್ತಿ ಇರುವುದೇ ಇಲ್ಲಿ. ಎಲ್ಲರೂ ಅಂತಿಗೊನೆಯನ್ನು ಹಾಡಿ ಹೊಗಳುತ್ತಾರೆ. ಆದರೆ ಮುಂದೆ ಬಂದ ಚಿಂತಕರನ್ನು ಕಾಡಿದವನು ಅವಳಷ್ಟೇ ಕ್ರೆಯಾನ್ ಕೂಡ.

ಜರ್ಮನ್ ತತ್ವಜ್ಞಾನಿ ಹೆಗೆಲ್‌ನನ್ನೇ ತೆಗೆದುಕೊಳ್ಳಿ. ಇದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡೆದ ಜಗಳವೇ ಅಲ್ಲ ಎಂದ ಆತ. ಒಂದು ಕಡೆ ರಕ್ತಸಂಬಂಧದ ಕರ್ತವ್ಯ, ಇನ್ನೊಂದು ಕಡೆ ರಾಜ್ಯದ ಕಾನೂನು. ಎರಡಕ್ಕೂ ನ್ಯಾಯವಿದೆ. ಆದರೆ ಒಂದು ಇನ್ನೊಂದನ್ನು ಕಾಣುವುದೇ ಇಲ್ಲ, ಅದಕ್ಕೇ ಎರಡೂ ಮುರಿದು ಬೀಳುತ್ತವೆ. 1807ರ ತನ್ನ ಪುಸ್ತಕದಲ್ಲೂ ಆಮೇಲಿನ ಉಪನ್ಯಾಸಗಳಲ್ಲೂ ಆತ ಈ ನಾಟಕಕ್ಕೆ ಮತ್ತೆ ಮತ್ತೆ ಬರುತ್ತಾನೆ. ಅಲ್ಲಿಂದ ಈಚೆಗೆ ರಾಜ್ಯ ದೊಡ್ಡದೋ ಮನಸ್ಸಾಕ್ಷಿ ದೊಡ್ಡದೋ ಎಂಬ ವಾದ ಎಲ್ಲೇ ಎದ್ದರೂ ಅಂತಿಗೊನೆಯ ಹೆಸರು ಬಂದೇ ಬರುತ್ತದೆ.

ಆದರೂ ಹೆಗೆಲ್ ಕ್ರೆಯಾನ್‌ಗೆ ಜಾಸ್ತಿ ಅಂಕ ಕೊಟ್ಟ ಅಂತ ನನಗೆ ಅನಿಸುತ್ತದೆ. ಕಾವಲುಗಾರನಾಗಿ ಅವನನ್ನು ಹತ್ತಿರದಿಂದ ನೋಡಿದವನು ನಾನು! ನಾಟಕ ಮುಂದೆ ಹೋದಂತೆ ಅವನ ಬಾಯಲ್ಲಿ ‘ನಾಡು’ ಅನ್ನುವುದು ‘ನಾನು’ ಆಗುತ್ತದೆ. ಹೇಮನ್ ಬಂದು, ಅಪ್ಪಾ, ಊರಿನ ಜನ ಒಳಗೊಳಗೇ ಅವಳಿಗಾಗಿ ಮರುಗುತ್ತಿದ್ದಾರೆ ಅನ್ನುತ್ತಾನೆ. ನಾನು ಹೇಗೆ ಆಳಬೇಕು ಅಂತ ಊರು ನನಗೆ ಹೇಳಿಕೊಡಬೇಕಾ ಎಂದು ಇವನು ಗುಡುಗುತ್ತಾನೆ. ಒಬ್ಬನಿಗೇ ಸೇರಿದ್ದಾದರೆ ಅದು ಊರೇ ಅಲ್ಲ ಅನ್ನುವುದು ಮಗನ ಉತ್ತರ. ಜನರಿಲ್ಲದ ಬರಡು ನೆಲವಾದರೆ ನೀನೊಬ್ಬನೇ ಚೆನ್ನಾಗಿ ಆಳಬಹುದು ಎಂದೂ ಸೇರಿಸುತ್ತಾನೆ. ಗಮನಿಸಿ, ಮದುವೆಯಾಗಬೇಕಾದ ಹುಡುಗಿಯ ಜೀವ ಉಳಿಸಲು ಬಂದವನು ಪ್ರೀತಿಯ ಮಾತೆತ್ತದೆ ಪೂರ್ತಿ ರಾಜಕೀಯವನ್ನೇ ಮಾತಾಡುತ್ತಾನೆ.

ಇದನ್ನು ಹೆಗೆಲ್‌ಗಿಂತ ಚೆನ್ನಾಗಿ ಓದಿದವರು ಮಂಡೇಲಾ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳೇ ನಾಟಕದ ತಂಡ ಕಟ್ಟಿಕೊಂಡಿದ್ದರು. ಅಲ್ಲಿ ‘ಅಂತಿಗೊನೆ’ ಆಡಿದಾಗ ಮಂಡೇಲಾ ಮಾಡಿದ್ದು ಕ್ರೆಯಾನ್ ಪಾತ್ರ. 1994ರ ತಮ್ಮ ಆತ್ಮಕತೆಯಲ್ಲಿ ಅದನ್ನು ಬರೆದಿದ್ದಾರೆ. ಅವರು ಕ್ರೆಯಾನ್‌ನನ್ನು ಸುಮ್ನೆ ಬಯ್ಯುವುದಿಲ್ಲ. ಮೊದಲಿಗೆ ಅವನು ಪ್ರಾಮಾಣಿಕ, ದೇಶಪ್ರೇಮಿ, ಅವನ ಆರಂಭದ ಮಾತುಗಳಲ್ಲಿ ವಿವೇಕವಿದೆ ಎಂದೇ ಒಪ್ಪುತ್ತಾರೆ. ಆಮೇಲೆ ಅವನು ಯಾರ ಮಾತನ್ನೂ ಕೇಳದೆ ಹೋದ, ನಾಯಕನಾದವನು ನ್ಯಾಯದ ಜೊತೆ ಕರುಣೆಯನ್ನೂ ಬೆರೆಸಬೇಕು ಅನ್ನುತ್ತಾರೆ. ತಮ್ಮ ಹೋರಾಟದ ಗುರುತು ಮಾತ್ರ ಅಂತಿಗೊನೆಯೇ. ಕಾನೂನು ಅನ್ಯಾಯದ್ದಾಗಿತ್ತು, ಮುರಿದಳು. ಆಳುವವರ ಕಾನೂನು ಮುರಿದು ಜೈಲು ಸೇರಿದವರು ಆಳುವವನ ವೇಷ ಹಾಕಿ ಅವನ ತಲೆಯೊಳಗೆ ಹೊಕ್ಕು ಬಂದರಲ್ಲ, ನನಗೆ ಅದು ದೊಡ್ಡದು.

ಪ್ಯಾರಿಸ್ ನಾಜಿಗಳ ಕೈಯಲ್ಲಿದ್ದಾಗ, 1944ರಲ್ಲಿ, ಫ್ರೆಂಚ್ ನಾಟಕಕಾರ ಜಾನ್ ಅನೂಯಿ ಇದೇ ಕತೆಯನ್ನು ಹೊಸದಾಗಿ ಬರೆದು ಆಡಿಸಿದ. ಸೆನ್ಸಾರ್‌ನವರು ಬಿಟ್ಟರು. ಅದು ಹೇಳಿಕೇಳಿ ಪ್ರಸಿದ್ಧ ಉದಾಹರಣೆ, ಬೇರೆಯವರು ಬರೆದಿರುತ್ತಾರೆ. ನಾನು ಅಷ್ಟಾಗಿ ಯಾರೂ ಹೇಳದ ಇನ್ನೊಂದನ್ನು ಹೇಳುತ್ತೇನೆ.

1977ರ ಅಕ್ಟೋಬರ್, ಜರ್ಮನಿಯ ಸ್ಟುಟ್‌ಗಾರ್ಟ್. ರೆಡ್ ಆರ್ಮಿ ಫ್ರಾಕ್ಷನ್ ಎಂಬ ಉಗ್ರರ ಗುಂಪು ಉದ್ಯಮಿ ಶ್ಲೇಯರ್‌ನನ್ನು ಅಪಹರಿಸಿ ಕೊಂದಿತ್ತು. ಅದೇ ಹೊತ್ತಿಗೆ ಆ ಗುಂಪಿನ ಮೂವರು ಅಲ್ಲಿನ ಜೈಲಿನಲ್ಲಿ ಸತ್ತರು. ಆತ್ಮಹತ್ಯೆ ಎಂದಿತು ಸರ್ಕಾರ. ಶ್ಲೇಯರ್‌ಗೆ ಸರ್ಕಾರಿ ಗೌರವದ ವಿದಾಯ ಆ ಊರಿನಲ್ಲೇ ಆಯಿತು. ಈ ಮೂವರನ್ನು ನಮ್ಮೂರ ಸ್ಮಶಾನದಲ್ಲಿ ಮಣ್ಣು ಮಾಡಬೇಡಿ ಎಂದು ಜನ ರೊಚ್ಚಿಗೆದ್ದರು. ಥೀಬ್ಸ್‌ನ ಕತೆ ಇದ್ದ ಹಾಗೇ ಇಳಿದು ಬಂದಿತ್ತು. ಆದರೆ ಮೇಯರ್ ಮಾನ್‌ಫ್ರೆಡ್ ರೊಮೆಲ್ ಜಾಗ ಕೊಟ್ಟರು. ಹಗೆ ಎಲ್ಲಾದರೂ ಒಂದು ಕಡೆ ಮುಗಿಯಬೇಕು, ನನಗೆ ಅದು ಸಾವಿನಲ್ಲಿ ಮುಗಿಯುತ್ತದೆ ಎಂದರು. ಈ ಮೇಯರ್ ಯಾರೆಂದರೆ, ಹೆಸರಾಂತ ಸೇನಾಪತಿ ಎರ್ವಿನ್ ರೊಮೆಲ್‌ನ ಮಗ. 1944ರಲ್ಲಿ ಹಿಟ್ಲರ್ ಆ ತಂದೆಗೆ ವಿಷ ಕುಡಿಯುವಂತೆ ಮಾಡಿ, ನಾಲ್ಕೇ ದಿನದಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆಯನ್ನೂ ಮಾಡಿಸಿದ್ದ. ಆಗ ಮಗನಿಗೆ 15 ವರ್ಷ.

ಮೇಯರ್ ಸೋಫೋಕ್ಲಿಸ್‌ನನ್ನು ಓದಿಕೊಂಡು ಆ ತೀರ್ಮಾನಕ್ಕೆ ಬಂದರು ಅಂತ ನಾನು ಹೇಳುತ್ತಿಲ್ಲ. ಆದರೆ ನೋಡುತ್ತಿದ್ದವರಿಗೆ ತಕ್ಷಣ ನೆನಪಾದದ್ದು ಸೋಫೋಕ್ಲಿಸ್. 1978ರಲ್ಲಿ ಜರ್ಮನ್ ನಿರ್ದೇಶಕರು ಸೇರಿ ಈ ಘಟನೆಗಳ ಮೇಲೆ ಒಂದು ಸಿನಿಮಾ ಮಾಡಿದರು. ಅದರಲ್ಲಿ ಒಂದು ಭಾಗ ಹೀಗಿದೆ: ಟಿವಿಯ ಅಧಿಕಾರಿಗಳು ಮೀಟಿಂಗ್ ಕೂತು, ‘ಅಂತಿಗೊನೆ’ಯನ್ನು ಈಗ ಪ್ರಸಾರ ಮಾಡುವುದು ಅಪಾಯ ಎಂದು ಮುಂದೂಡುತ್ತಾರೆ. ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ಪ್ರಭಾವ ಅಂದರೆ ನನಗೆ ಇದು. ನಡೆಯುತ್ತಿರುವುದಕ್ಕೆ ಹೆಸರಿಡಲು ಜನರ ಕೈಗೆ ಒಂದು ಕತೆ ಸಿಗುವುದು.

ಕನ್ನಡದಲ್ಲೇ ಓದಬೇಕೆಂದರೆ ಲಂಕೇಶ್ ‘ಅಂತಿಗೊನೆ’ಯನ್ನು ತಂದಿದ್ದಾರೆ. ಅದಕ್ಕೂ ಮೊದಲೇ ಬಿಎಂಶ್ರೀ ‘ಅಶ್ವತ್ಥಾಮನ್’ ಬರೆದಿದ್ದರು. ಅದಕ್ಕೆ ಮಾದರಿ ಸೋಫೋಕ್ಲಿಸ್‌ನ ‘ಏಜಾಕ್ಸ್’. ಅಲ್ಲೂ ಹೆಣಕ್ಕೆ ಮಣ್ಣು ಕೊಡಬೇಕೋ ಬೇಡವೋ ಎಂಬ ಜಗಳವಿದೆ, ಮಣ್ಣು ಕೊಡಿಸುವವನು ಸತ್ತವನ ವೈರಿ ಒಡಿಸ್ಯೂಸ್.

ಓದುವಾಗ ಒಂದು ಕೆಲಸ ಮಾಡಿ. ಯಾವ ಸಾಲಿನವರೆಗೆ ಕ್ರೆಯಾನ್‌ನ ಮಾತಿಗೆ ನೀವು ತಲೆಯಾಡಿಸುತ್ತೀರಿ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನನ್ನ ಪ್ರತಿಯಲ್ಲಿ ಆ ಗುರುತು ಇದುವರೆಗೆ ಮೂರು ಸಲ ಜಾಗ ಬದಲಾಯಿಸಿದೆ.